ಹೋಬಳಿಗೊಂದು ಶಾಲೆ: ಶಾಸನದ ರೈಸ್ ಸಾಹೇಬರ ಮರೆತುಹೋದ ಕೆಲಸ

ಬೆಂಗಳೂರು: ಹೋಬಳಿ ಅಂದ್ರೆ ಇವತ್ತು ಜನರಿಗೆ ನೆನಪಾಗೋದು ನಾಡಕಚೇರಿ. ಪಹಣಿ, ಜಾತಿ-ಆದಾಯ ಸರ್ಟಿಫಿಕೇಟ್, ವೃದ್ಧಾಪ್ಯ ವೇತನದ ಅರ್ಜಿ, ಕ್ಯೂ. ವರ್ತೂರು, ಬಿದರಹಳ್ಳಿ, ಕೆ.ಆರ್. ಪುರ, ಯಶವಂತಪುರ, ಬೇಗೂರು, ಜಿಗಣಿ, ಅತ್ತಿಬೆಲೆ, ಸರ್ಜಾಪುರ ಎಲ್ಲವೂ ಹೋಬಳಿಗಳೇ. ಆದರೆ ಸುಮಾರು 150 ವರ್ಷಗಳ ಹಿಂದೆ ಮೈಸೂರು ಸಂಸ್ಥಾನದ ಒಬ್ಬ ಅಧಿಕಾರಿ ಇದೇ ಹೋಬಳಿಯನ್ನು ಬೇರೆ ಲೆಕ್ಕದಲ್ಲಿ ನೋಡಿದರು. ಪ್ರತಿ ಹೋಬಳಿಗೂ ಒಂದು ಸರ್ಕಾರಿ ಶಾಲೆ ಇರಬೇಕು ಅನ್ನೋದು ಅವರ ಲೆಕ್ಕ. ಅವರ ಹೆಸರು ಬೆಂಜಮಿನ್ ಲೂಯಿ ರೈಸ್.

ಬಿ.ಎಲ್. ರೈಸ್ ಅಂದ ಕೂಡಲೇ ಓದಿದವರು ಹೇಳೋದು ಶಾಸನದ ಮಾತು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದವರು, ಶಾಸನ ಪಿತಾಮಹ ಎಂದು ಹೆಸರಾದವರು. ಅದು ನಿಜ. ಆದರೆ ಶಾಸನದ ಕೆಲಸಕ್ಕೆ ಇಳಿಯುವ ಮೊದಲು ಅವರು ಶಾಲಾ ಇಲಾಖೆಯ ಮನುಷ್ಯ. ಈ ಭಾಗದ ಹಳ್ಳಿಗಳ ಮಟ್ಟಿಗೆ ನೋಡಿದರೆ ಆ ಕೆಲಸವೇನೂ ಸಣ್ಣದಲ್ಲ.

ಬೆಂಗಳೂರಿನಲ್ಲೇ ಹುಟ್ಟಿದವರು

ರೈಸ್ ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್‌ನ ಪಾದ್ರಿ. ಅದೇ ವರ್ಷ ಊರಿಗೆ ಬಂದವರು, ಕೊನೆಯವರೆಗೂ ಇಲ್ಲೇ ಉಳಿದರು. ಕನ್ನಡ ಕಲಿತು ಕನ್ನಡದಲ್ಲೇ ಶಾಲಾ ಪುಸ್ತಕಗಳನ್ನು ಬರೆದರು. ಅವೆನ್ಯೂ ರಸ್ತೆಯಲ್ಲಿ ಇವತ್ತಿಗೂ ನಿಂತಿರುವ ರೈಸ್ ಮೆಮೋರಿಯಲ್ ಚರ್ಚ್ ಈ ತಂದೆಯ ಹೆಸರಿನದು. ಮಗನ ಹೆಸರಿನದು ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು.

ತಾಯಿಯೂ ಸುಮ್ಮನೆ ಮನೆಯಲ್ಲಿ ಕೂತವರಲ್ಲ. ಮಿಷನ್‌ನ ಇನ್ನೊಬ್ಬ ಪಾದ್ರಿಯ ಹೆಂಡತಿ ಸೀವೆಲ್ ಅವರ ಜೊತೆ ಸೇರಿ 1840ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಹೆಣ್ಣುಮಕ್ಕಳು ಅಕ್ಷರ ಕಲಿಯೋದನ್ನೇ ಊರು ಒಪ್ಪದಿದ್ದ ಕಾಲ ಅದು. ಹೀಗೆ ರೈಸ್ ಬೆಳೆದ ಮನೆಯಲ್ಲಿ ಶಾಲೆಯ ಮಾತು ದಿನನಿತ್ಯದ ಮಾತಾಗಿತ್ತು, ಸುತ್ತಲಿನ ಭಾಷೆ ಕನ್ನಡವಾಗಿತ್ತು.

ಮುಂದೆ ಓದಲು ಇಂಗ್ಲೆಂಡಿಗೆ ಹೋದರು. ಓದು ಮುಗಿಸಿ 1860ರಲ್ಲಿ ವಾಪಸ್ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆಗ ವಯಸ್ಸು 23. ಈ ಹೈಸ್ಕೂಲ್ 1858ರಲ್ಲಿ ಶುರುವಾದದ್ದು. 1875ರಲ್ಲಿ ಇದೇ ಸೆಂಟ್ರಲ್ ಕಾಲೇಜ್ ಆಯಿತು. ಮೆಜೆಸ್ಟಿಕ್ ಕಡೆ ಹೋಗುವಾಗ ಕಾಣುವ ಹಳೆಯ ಕಲ್ಲಿನ ಕಟ್ಟಡಗಳು ಆ ಕಾಲೇಜಿನವೇ.

ಆಗ ಹಳ್ಳಿಯ ಓದು ಹೇಗಿತ್ತು

1831ರಿಂದ 1881ರವರೆಗೆ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1854ರಲ್ಲಿ ಇಂಗ್ಲೆಂಡಿನಿಂದ ಬಂದ ಆದೇಶದ ಪ್ರಕಾರ ಇಂಡಿಯಾದ ಎಲ್ಲ ಕಡೆ ಶಿಕ್ಷಣ ಇಲಾಖೆಗಳು ಶುರುವಾದವು. ಮೈಸೂರಿನಲ್ಲಿ ಇಲಾಖೆ ಬಂದದ್ದು 1857ರಲ್ಲಿ. ಡೈರೆಕ್ಟರ್, ಇನ್‌ಸ್ಪೆಕ್ಟರ್, ಡೆಪ್ಯುಟಿ ಇನ್‌ಸ್ಪೆಕ್ಟರ್ ಹುದ್ದೆಗಳು ಬಂದವು. ಪ್ಲಾನ್ ಪ್ರಕಾರ ಜಿಲ್ಲೆಯಲ್ಲಿ ಇಂಗ್ಲಿಷ್ ಶಾಲೆ, ತಾಲ್ಲೂಕಿನಲ್ಲಿ ಕನ್ನಡ ಶಾಲೆ. ಅಲ್ಲಿಗೆ ನಿಂತಿತು.

ತಾಲ್ಲೂಕು ಕಸಬಾದಿಂದ ಆಚೆಗೆ ಸರ್ಕಾರದ ಶಾಲೆ ಅಂತ ಇರಲಿಲ್ಲ. ಹಳ್ಳಿಯಲ್ಲಿ ಇದ್ದದ್ದು ಕೂಲಿ ಮಠ. ಯಾರದೋ ಮನೆ ಜಗಲಿ, ಇಲ್ಲವೇ ಗುಡಿಯ ಪಡಸಾಲೆ. ಐಗಳು ಅಂತ ಒಬ್ಬರು ಮೇಷ್ಟ್ರು. ಮಕ್ಕಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಬೇಕು, ಮಗ್ಗಿ ಕೂಗಬೇಕು. ಸ್ವಲ್ಪ ದೊಡ್ಡವರಾದರೆ ಕಪ್ಪು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಲೆಕ್ಕ, ಪತ್ರ ಬರೆಯೋದು. ಮೇಷ್ಟ್ರಿಗೆ ಸಂಬಳ ಅಂದ್ರೆ ಸುಗ್ಗಿಯಲ್ಲಿ ಕೊಡುವ ರಾಗಿ, ಹಬ್ಬಕ್ಕೆ ನಾಲ್ಕು ಕಾಸು. ಶಾನುಭೋಗರ ಮಕ್ಕಳು, ಅಂಗಡಿಯವರ ಮಕ್ಕಳು ಬರುತ್ತಿದ್ದರು, ಯಾಕಂದ್ರೆ ಅವರಿಗೆ ಲೆಕ್ಕ ಬೇಕಿತ್ತು. ಉಳುವವನ ಮಗನಿಗೆ ಅದರ ಅಗತ್ಯ ಇದೆ ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಇದರ ಫಲ ಏನಾಯಿತು ಅಂದ್ರೆ, ಕಂದಾಯ ಕಟ್ಟಿದ ರಸೀದಿಯಲ್ಲಿ ಏನಿದೆ ಅಂತ ಓದೋಕೂ ರೈತ ಇನ್ನೊಬ್ಬರ ಮುಂದೆ ನಿಲ್ಲಬೇಕಿತ್ತು. ಸಾಲದ ಪತ್ರದ ಕಥೆಯೂ ಅಷ್ಟೇ.

1868ರ ಯೋಜನೆ

1865ರಲ್ಲಿ ರೈಸ್ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಬೆಂಗಳೂರಿಗೆ ರೈಲು ಬಂದು ಆಗಿನ್ನೂ ಒಂದು ವರ್ಷ. ಅದೂ ಕಂಟೋನ್ಮೆಂಟಿನಿಂದ ಜೋಲಾರಪೇಟೆ ಕಡೆಗೆ ಮಾತ್ರ. ಉಳಿದ ಕಡೆಗೆಲ್ಲ ಕುದುರೆ ಇಲ್ಲವೇ ಎತ್ತಿನ ಗಾಡಿ. ಶಾಲೆ ತಪಾಸಣೆ ಅಂದ್ರೆ ದಿನಗಟ್ಟಲೆ ಸವಾರಿ, ಡೇರೆ ಹಾಕಿ ಮಲಗೋದು. ಹೀಗೆ ಸುತ್ತಿದ ಅಧಿಕಾರಿಗೆ ತಾಲ್ಲೂಕು ಶಾಲೆ ಮತ್ತು ಹಳ್ಳಿಯ ನಡುವೆ ಎಷ್ಟು ದೂರ ಇದೆ ಅನ್ನೋದು ಮ್ಯಾಪ್ ನೋಡಿ ಗೊತ್ತಾಗಬೇಕಿರಲಿಲ್ಲ.

1868ರಲ್ಲಿ ಅವರು ಡೈರೆಕ್ಟರ್ ಜಾಗದಲ್ಲಿ ಕೂತರು. ಆ ಜಾಗದಲ್ಲಿ ಅವರಿಗಿಂತ ಮೊದಲು ಇದ್ದವರು ಜಾನ್ ಗ್ಯಾರೆಟ್. ಬೆಂಗಳೂರಿನಲ್ಲಿ ವೆಸ್ಲಿಯನ್ ಪ್ರೆಸ್ ನಡೆಸಿ, ಕನ್ನಡ ಪುಸ್ತಕಗಳನ್ನು ಅಚ್ಚು ಮಾಡಿಸಿದ ಹಿರಿಯರು. ಇವರ ಮಗಳು ಮೇರಿ ಸೋಫಿಯಾಳನ್ನೇ ರೈಸ್ ಮದುವೆಯಾದರು.

ಅದೇ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಯೋಜನೆ ಸರಳವಾಗಿತ್ತು. ಪ್ರತಿ ಹೋಬಳಿಯಲ್ಲಿ ಒಂದು ಶಾಲೆ. ಕಟ್ಟಡ ಊರಿನವರೇ ಕೊಡಬೇಕು. ಮೇಷ್ಟ್ರನ್ನು ದೂರದಿಂದ ತರೋದು ಬೇಡ, ಆ ಹೋಬಳಿಯವರನ್ನೇ, ಆದರೆ ಕೂಲಿ ಮಠದ ಐಗಳನ್ನೇ ಆರಿಸಿ ಟ್ರೇನಿಂಗ್ ಕೊಟ್ಟು ವಾಪಸ್ ಕಳಿಸಬೇಕು. ಸಂಬಳ ಸರ್ಕಾರದ್ದು. ಅದಕ್ಕೆ ದುಡ್ಡು ಜಮೀನು ಕಂದಾಯದ ಜೊತೆ ವಸೂಲಾಗುವ ಸ್ಥಳೀಯ ಸೆಸ್‌ನ ಒಂದು ಪಾಲಿನಿಂದ. ಇವತ್ತು ಇನ್‌ಕಮ್ ಟ್ಯಾಕ್ಸ್ ಕಟ್ಟುವ ವ್ಯಾಪಾರಿಗಳು ಶೇ. 4ರ ಹೆಲ್ತ್ ಆ್ಯಂಡ್ ಎಜುಕೇಷನ್ ಸೆಸ್ ಕೊಡ್ತಾರಲ್ಲ, ಅದರ ಹಳೆಯ ರೂಪ ಅನ್ನಬಹುದು. ಒಂದು ವ್ಯತ್ಯಾಸ ಇದೆ. ಆಗ ಸೆಸ್ ಕಟ್ಟಿದವನಿಗೆ ಅದರ ಶಾಲೆ ತನ್ನ ಹೋಬಳಿಯಲ್ಲೇ ಕಣ್ಣಿಗೆ ಕಾಣಬೇಕಿತ್ತು.

ಈ ಯೋಜನೆಯ ಜಾಣತನ ಇದ್ದದ್ದು ಮೇಷ್ಟ್ರ ವಿಷಯದಲ್ಲಿ. ಹೊರಗಿನವರನ್ನು ತಂದಿದ್ದರೆ ಕೂಲಿ ಮಠದವರ ಹೊಟ್ಟೆಗೆ ಕಲ್ಲು ಬೀಳುತ್ತಿತ್ತು, ಊರು ಎರಡು ಪಾರ್ಟಿ ಆಗುತ್ತಿತ್ತು. ಅವರನ್ನೇ ಸರ್ಕಾರದ ಮೇಷ್ಟ್ರು ಮಾಡಿದ್ದರಿಂದ ಜನ ನಂಬಿದರು. ಕೆಲವೇ ವರ್ಷಗಳಲ್ಲಿ ಸಂಸ್ಥಾನದಲ್ಲಿ ನೂರಾರು ಹೋಬಳಿ ಶಾಲೆಗಳು ಎದ್ದವು. ಜಿಲ್ಲೆ, ತಾಲ್ಲೂಕು, ಹೋಬಳಿ ಎಂದು ಮೇಲಿಂದ ಕೆಳಗಿನವರೆಗೆ ಶಾಲೆಗಳ ಒಂದು ಸರಪಳಿ ಮೊದಲ ಸಲ ಕಾಣಿಸಿತು. ಇವತ್ತಿನ ಡಿಡಿಪಿಐ, ಬಿಇಒ, ಸಿಆರ್‌ಪಿ ಸಾಲನ್ನು ನೋಡಿದರೆ ಅದರ ಹಳೆಯ ಅಡಿಪಾಯ ಇಲ್ಲೇ ಸಿಗುತ್ತೆ.

ಬಿಟ್ಟುಹೋದವರು

ಎಲ್ಲ ಸರಿಯಾಗಿತ್ತು ಅಂತ ಅಲ್ಲ. ಹೋಬಳಿ ಅಂದ್ರೆ ಹಲವು ಹಳ್ಳಿಗಳು. ಶಾಲೆ ಇರುವ ಊರಿನ ಮಕ್ಕಳಿಗೆ ಲಾಭ, ಮೂರು ಮೈಲಿ ಆಚೆಯ ಹಳ್ಳಿಗೆ ಅದು ಇದ್ದೂ ಇಲ್ಲ. ಹೆಣ್ಣುಮಕ್ಕಳು ಬರುತ್ತಿದ್ದುದು ತೀರಾ ಅಪರೂಪ. ದಲಿತ ಮಕ್ಕಳಿಗೆ ಊರಿನ ಶಾಲೆಯ ಬಾಗಿಲು ತೆರೆಯಲಿಲ್ಲ. ಕಟ್ಟಡ ಊರಿನವರದ್ದು ಅಂದ ಮೇಲೆ ಒಳಗೆ ಯಾರನ್ನು ಬಿಡಬೇಕು ಅನ್ನೋದನ್ನೂ ಊರಿನ ಮುಖಂಡರೇ ತೀರ್ಮಾನ ಮಾಡಿದರು. ಆ ಬಾಗಿಲು ತೆರೆಯಲು 1910ರ ದಶಕದಲ್ಲಿ ಮೈಸೂರು ಸರ್ಕಾರವೇ ಆದೇಶ ಮಾಡಬೇಕಾಯಿತು. ಆಮೇಲೂ ಹಲವು ಊರುಗಳಲ್ಲಿ ಜಗಳ ನಡೆಯಿತು.

ಇನ್ನೊಂದು ಪೆಟ್ಟು ಬರಗಾಲದ್ದು. 1876ರಿಂದ 78ರವರೆಗೆ ಬಿದ್ದ ದೊಡ್ಡ ಬರ ಸಂಸ್ಥಾನವನ್ನೇ ಅಲ್ಲಾಡಿಸಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗೆ ಇಳಿಯಿತು. ಜನ ಸತ್ತರು, ಊರು ಬಿಟ್ಟರು. ತಿನ್ನೋಕೆ ಇಲ್ಲದ ಮೇಲೆ ಶಾಲೆ ಎಲ್ಲಿಯದು? ಸೆಸ್ ಕಟ್ಟೋದಾದರೂ ಯಾರು? ಕಷ್ಟಪಟ್ಟು ಕಟ್ಟಿದ ಶಾಲಾ ವ್ಯವಸ್ಥೆ ಹಿಂದಕ್ಕೆ ಬಿತ್ತು, ಮತ್ತೆ ಎದ್ದು ನಿಲ್ಲಲು ವರ್ಷಗಳೇ ಬೇಕಾದವು.

ಶಾಲೆಯಿಂದ ಶಾಸನಕ್ಕೆ

ಶಾಲೆ ನೋಡಲು ಹೋದ ಕಡೆಯೆಲ್ಲ ರೈಸ್ ಕಣ್ಣಿಗೆ ಬಿದ್ದದ್ದು ಕಲ್ಲು. ಗುಡಿ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೊರೆದ ಕಲ್ಲುಗಳು. ಊರಿನವರಿಗೆ ಓದೋಕೆ ಬರಲ್ಲ. ನಿಧಿ ಇದೆ ಅಂತ ಕೆಲವರು, ದೇವರು ಅಂತ ಕೆಲವರು. ಅದೇ ಹೊತ್ತಿಗೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ತೆಗೆದ ಶಾಸನಗಳ ಫೋಟೋಗಳು ಅವರ ಕೈಗೆ ಬಂದವು. ಅವನ್ನು ಓದಿ ಅನುವಾದಿಸಿ 1879ರಲ್ಲಿ ಮೈಸೂರು ಇನ್‌ಸ್ಕ್ರಿಪ್ಷನ್ಸ್ ಪುಸ್ತಕ ತಂದರು. ಅದಕ್ಕೂ ಮೊದಲೇ ಮೈಸೂರು ಗೆಜೆಟಿಯರ್ ಸಿದ್ಧ ಮಾಡಿದ್ದರು. ಊರು, ಮಳೆ, ಬೆಳೆ, ಜಾತಿ, ಸಂತೆ, ಶಾಲೆ ಎಲ್ಲದರ ವಿವರ ಅದರಲ್ಲಿದೆ. 1897ರಲ್ಲಿ ಅದನ್ನೇ ತಿದ್ದಿ ಮತ್ತೆ ಹೊರತಂದರು.

1882ರಲ್ಲಿ ಇಡೀ ಇಂಡಿಯಾದ ಶಿಕ್ಷಣ ಪರಿಶೀಲನೆಗೆ ಹಂಟರ್ ಆಯೋಗ ಕೂತಾಗ ಅದರ ಕಾರ್ಯದರ್ಶಿಯಾಗಿ ಹೋದರು. ಪ್ರಾಥಮಿಕ ಶಿಕ್ಷಣದ ಖರ್ಚು, ಸ್ಥಳೀಯ ಸಂಸ್ಥೆಗಳ ಹೊಣೆ ಆ ಆಯೋಗದ ಮುಖ್ಯ ವಿಷಯಗಳಾಗಿದ್ದವು. ಹೋಬಳಿಯಲ್ಲಿ ಮಾಡಿ ನೋಡಿದವರಿಗೆ ಇದು ಹೊಸ ವಿಷಯವಲ್ಲ.

1890ರಿಂದ ಪುರಾತತ್ವ ಇಲಾಖೆಯೇ ಅವರ ಪೂರ್ತಿ ಕೆಲಸವಾಯಿತು. ಪಂಡಿತರ ತಂಡ ಕಟ್ಟಿಕೊಂಡು ತಾಲ್ಲೂಕು ತಾಲ್ಲೂಕಿಗೆ ಹೋಗಿ ಶಾಸನ ಪ್ರತಿ ಮಾಡಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಹತ್ತಿರ ಹತ್ತಿರ 9,000 ಶಾಸನಗಳು ಸೇರಿದವು. ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, ಅಚ್ಚಾದದ್ದು 1905ರಲ್ಲಿ. ಬೆಂಗಳೂರು, ಆನೇಕಲ್, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ಹೀಗೆ ತಾಲ್ಲೂಕುವಾರು ನಂಬರ್ ಹಾಕಿದ್ದಾರೆ. ಇವತ್ತಿಗೂ ಊರಿನ ಶಾಸನ ಹುಡುಕುವವರು ಮೊದಲು ತೆಗೆಯೋದು ಅದನ್ನೇ. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಬೇಗೂರಿನ ನಾಗತ್ತರನ ವೀರಗಲ್ಲಿನಂಥ ಗಂಗರ ಕಾಲದ ಕಲ್ಲುಗಳು ಲೋಕಕ್ಕೆ ಗೊತ್ತಾದದ್ದು ಆ ಕಾಲದ ಇಂಥ ಕೆಲಸದಿಂದಲೇ. ಹಳೆಗನ್ನಡ ಪುಸ್ತಕಗಳನ್ನೂ ಅಚ್ಚು ಮಾಡಿಸಿದರು. 1898ರಲ್ಲಿ ಕವಿರಾಜಮಾರ್ಗ ಮೊದಲ ಸಲ ಅಚ್ಚಾದದ್ದು ಅವರ ಗ್ರಂಥಮಾಲೆಯಲ್ಲಿ, ಸಂಪಾದಿಸಿದವರು ಕೆ.ಬಿ. ಪಾಠಕ್.

1906ರಲ್ಲಿ ರಿಟೈರ್ ಆಗಿ ಇಂಗ್ಲೆಂಡಿಗೆ ಹೋದರು. ಲಂಡನ್ ಹತ್ತಿರದ ಹ್ಯಾರೋದಲ್ಲಿ 1927ರ ಜುಲೈ 10ರಂದು ತೀರಿಕೊಂಡರು. 90 ತುಂಬಲು ಒಂದೇ ವಾರ ಬಾಕಿ ಇತ್ತು.

ಅವರ ನಂತರ

ಹೋಬಳಿ ಶಾಲೆಯಿಂದ ಶುರುವಾದದ್ದು ಮುಂದೆ ಬೆಳೆಯಿತು. 1913ರಲ್ಲಿ, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಲು ಕಾನೂನು ತಂತು. ಮೊದಲು ಆಯ್ದ ಊರುಗಳಲ್ಲಿ, ಆಮೇಲೆ ಬೇರೆ ಕಡೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಲ್ಲಿ 1ರಿಂದ 5ನೇ ಕ್ಲಾಸಿನ ಮಗುವಿಗೆ 1 ಕಿ.ಮೀ. ಒಳಗೆ, 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು ಅಂತ ಬಂತು. ಹೋಬಳಿಗೊಂದು ಅನ್ನೋದು ಓಣಿಯ ಹತ್ತಿರಕ್ಕೆ ಬಂತು.

ಆದರೆ ಈ ಹೋಬಳಿಗಳೇ ಬದಲಾಗಿಬಿಟ್ಟಿವೆ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರ ಸಣ್ಣ ಕೃಷಿ ಕಾಲೊನಿಯಾಗಿ ಶುರುವಾದ ಜಾಗ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಹೊಲಗಳ ಮೇಲೆ 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಮಾಡಿತು. ಪೀಣ್ಯದಲ್ಲಿ ಫ್ಯಾಕ್ಟರಿಗಳು ಬಂದವು. ಇವತ್ತು ಅಲ್ಲಿಯ ಅಪಾರ್ಟ್‌ಮೆಂಟ್ ಮಕ್ಕಳು ಹಳದಿ ಬಸ್ ಹತ್ತಿ ಪ್ರೈವೇಟ್ ಶಾಲೆಗೆ ಹೋಗುತ್ತಾರೆ. ಹಳೆ ಊರಿನ ಸರ್ಕಾರಿ ಶಾಲೆಗೆ ಬರೋದು ಯಾರು ಅಂದ್ರೆ ಗಾರ್ಮೆಂಟ್ಸ್, ಸೆಕ್ಯೂರಿಟಿ, ಗಾರೆ ಕೆಲಸದವರ ಮಕ್ಕಳು. ಉತ್ತರ ಕರ್ನಾಟಕದಿಂದ, ಆಂಧ್ರದಿಂದ, ಬಿಹಾರದಿಂದ, ಒಡಿಶಾದಿಂದ ಬಂದವರ ಮಕ್ಕಳು. ಶಾಲೆಯಲ್ಲೇ ಮೊದಲ ಸಲ ಕನ್ನಡ ಕೇಳುವ ಮಕ್ಕಳೂ ಇದ್ದಾರೆ.

ರೈಸ್ ಯೋಜನೆಯಲ್ಲಿ ಕಟ್ಟಡ ಊರಿನವರ ಪಾಲು, ಮೇಷ್ಟ್ರು ಸರ್ಕಾರದ ಪಾಲು. ಎರಡರಲ್ಲಿ ಒಂದು ಕೈಕೊಟ್ಟರೂ ಶಾಲೆ ನಿಲ್ಲುತ್ತಿರಲಿಲ್ಲ. ಈಗ ಕಟ್ಟಡವನ್ನೂ ಸರ್ಕಾರವೇ ಕೊಡುತ್ತೆ. ಊರಿನ ಪಾಲಾಗಿ ಉಳಿದಿರೋದು ಎಸ್‌ಡಿಎಂಸಿ. ಸೂರು ಸೋರುತ್ತಾ, ಮೇಷ್ಟ್ರು ಎಷ್ಟು ಜನ ಇದ್ದಾರೆ, ಟಾಯ್ಲೆಟ್‌ಗೆ ನೀರು ಬರುತ್ತಾ, ಶಾಲೆಯ ಜಾಗದ ದಾಖಲೆ ಸರಿ ಇದೆಯಾ ಅಂತ ಕೇಳುವ ಜಾಗ ಅದು. ಜಮೀನಿನ ರೇಟ್ ಚದರ ಅಡಿಯಲ್ಲಿ ಎಣಿಸುವ ಈ ಭಾಗದಲ್ಲಿ ಕೊನೆಯ ಪ್ರಶ್ನೆ ಸಣ್ಣದಲ್ಲ. ಅದರ ಸದಸ್ಯರು ಶಾಲೆಯಲ್ಲಿ ಓದುವ ಮಕ್ಕಳ ಅಪ್ಪ-ಅಮ್ಮಂದಿರು. ಶಿಫ್ಟ್ ಕೆಲಸ ಬಿಟ್ಟು ಮೀಟಿಂಗ್‌ಗೆ ಬಂದರೆ ಆ ದಿನದ ಕೂಲಿ ಹೋಗುತ್ತೆ. ಅವರ ಪರವಾಗಿ ಮಾತಾಡಲು ಹಳೆ ವಿದ್ಯಾರ್ಥಿಗಳು, ಅಂಗಡಿಯವರು, ಊರಿನ ಹಿರಿಯರು ಜೊತೆಗೆ ನಿಂತ ಕಡೆ ಶಾಲೆಗೆ ಬಲ ಇರುತ್ತೆ.

ಶಾಸನಗಳ ಕೆಲಸದಿಂದ ರೈಸ್ ಹೆಸರು ಉಳಿಯಿತು. ಹೋಬಳಿ ಶಾಲೆಗೆ ಅವರ ಹೆಸರಿಲ್ಲ, ಕಲ್ಲೂ ಇಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಹಳೆಯ ದಾಖಲಾತಿ ರಿಜಿಸ್ಟರ್ ಇದ್ದರೆ ಒಮ್ಮೆ ತೆಗೆಸಿ ನೋಡಿ. ಅಜ್ಜ, ಮುತ್ತಜ್ಜನ ಹೆಸರು ಸಿಕ್ಕಿದರೂ ಸಿಗಬಹುದು. ಮನೆತನದಲ್ಲಿ ಮೊದಲು ಅಕ್ಷರ ಕಲಿತವರು ಯಾರು ಅಂತ ಅಲ್ಲಿ ಗೊತ್ತಾಗುತ್ತೆ.