ಹೆಸರಿಲ್ಲದ ರೋಗ, ಬರೆಯದ ಉತ್ತರ

ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ದಿನಗಳಲ್ಲಿ ಪರೀಕ್ಷೆಗಳನ್ನು ನಡೆಸುವ ಹೊಣೆ ಹಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಒಂದು ವರ್ಷ, ಪರೀಕ್ಷೆಗೆ ಇನ್ನೊಂದು ವಾರವಿದೆ ಎನ್ನುವಾಗ, ಹುಡುಗನೊಬ್ಬ ಅರ್ಜಿ ಹಿಡಿದು ಬಂದು ನಿಂತ. ಹೊಟ್ಟೆನೋವು, ನಿಶ್ಶಕ್ತಿ, ನಡುನಡುವೆ ಕಣ್ಣಿಗೆ ಕತ್ತಲೆ. ಬಾಗಿಲ ಬಳಿ ಒಂದು ಕುರ್ಚಿ, ಬೇಕಾದಾಗ ಎದ್ದುಹೋಗಲು ಅನುಮತಿ, ಹಾಗೆ ಕಳೆದ ಹೊತ್ತಿಗೆ ಬದಲಾಗಿ ಅಷ್ಟೇ ಹೊತ್ತು; ಅವನು ಬೇಡಿದ್ದು ಇಷ್ಟೆ. ಇಬ್ಬರು ವೈದ್ಯರು ಅವನನ್ನು ಪರೀಕ್ಷಿಸಿದ್ದರು. ನೋವು ನಿಜವೆಂದು ಬರೆದೂ ಕೊಟ್ಟಿದ್ದರು. ರೋಗ ಯಾವುದೆಂದು ಹೇಳುವುದು ಮಾತ್ರ ಅವರಿಗೆ ಇನ್ನೂ ಸಾಧ್ಯವಾಗಿರಲಿಲ್ಲ. ನಮ್ಮ ನಮೂನೆಯಲ್ಲಿ ರೋಗದ ಹೆಸರಿಗೆಂದು ಒಂದು ಅಂಕಣವಿತ್ತು. ಅದು ಬರಿದಾಗಿದ್ದುದರಿಂದ ನಾನು ಅರ್ಜಿಯನ್ನು ಹಿಂತಿರುಗಿಸಿದೆ. ಹುಡುಗ ವಾದಿಸಲಿಲ್ಲ. ಪರೀಕ್ಷೆಯ ಎರಡನೆಯ ದಿನ ಉತ್ತರಪತ್ರಿಕೆಯ ಅರ್ಧವನ್ನು ಖಾಲಿ ಬಿಟ್ಟು ಎದ್ದುಹೋದ. ಮರುವರ್ಷದ ಹಾಜರಿಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ನಿಯಮಕ್ಕೆ ವಿರುದ್ಧವಾಗಿ ನಾನೇನನ್ನೂ ಮಾಡಲಿಲ್ಲ. ಆದರೂ ಶ್ರೀನಿವಾಸ ರಾಮಾನುಜನ್ ಅವರ ಜೀವನಚರಿತ್ರೆಯನ್ನು ಓದುವಾಗಲೆಲ್ಲ ಆ ಬರಿದಾದ ಅಂಕಣ ನನ್ನ ಕಣ್ಣೆದುರಿಗೆ ಬಂದು ನಿಲ್ಲುತ್ತದೆ.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಈರೋಡಿನ ತಾಯಿಯ ತವರಿನಲ್ಲಿ, ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರು. ಎರಡು ವರ್ಷದ ಕೂಸಿಗೆ ಸಿಡುಬು ತಗುಲಿತು. ಮಗು ಉಳಿದದ್ದೇ ಪುಣ್ಯ. ಪ್ರಾಥಮಿಕ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲಿಗನಾದ ಈ ಹುಡುಗ 1904ರಲ್ಲಿ ಪ್ರೌಢಶಾಲೆಯನ್ನು ಮುಗಿಸುವ ವೇಳೆಗೆ ಗಣಿತದಲ್ಲಿ ಬಹುಮಾನವನ್ನೂ, ಅಲ್ಲಿನ ಸರಕಾರಿ ಕಾಲೇಜಿನ ವಿದ್ಯಾರ್ಥಿವೇತನವನ್ನೂ ಸಂಪಾದಿಸಿದ್ದ. ಅಷ್ಟರಲ್ಲೇ ಕಾರ್ ಎಂಬ ಆಂಗ್ಲ ಶಿಕ್ಷಕರು ಸಂಗ್ರಹಿಸಿದ್ದ, ಸುಮಾರು 5,000 ಪ್ರಮೇಯಗಳ ಗ್ರಂಥವೊಂದು ಅವನ ಕೈಸೇರಿತ್ತು. ಆಮೇಲೆ ಬೇರೆ ಪಾಠಗಳು ಅವನ ಪಾಲಿಗೆ ಇಲ್ಲದಂತೆಯೇ ಆದವು. ಗಣಿತವೊಂದನ್ನುಳಿದು ಮಿಕ್ಕ ವಿಷಯಗಳಲ್ಲಿ ಅನುತ್ತೀರ್ಣನಾಗಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡ. 1905ರಲ್ಲಿ ಮನೆಯವರಿಗೆ ತಿಳಿಸದೆ ವಿಶಾಖಪಟ್ಟಣದ ಕಡೆಗೆ ಓಡಿಹೋದ.

ಈ ಮೊದಲ ಸೋಲಿಗೆ ರೋಗವನ್ನು ಹೊಣೆಯಾಗಿಸುವುದು ನ್ಯಾಯವಲ್ಲ. ತರುಣನ ಏಕಾಗ್ರತೆಯೇ ಅವನಿಗೆ ಮುಳುವಾಯಿತು. ಎರಡನೆಯ ಪ್ರಯತ್ನದ ಕಥೆ ಬೇರೆ. 1906ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿದ ರಾಮಾನುಜನ್ ಕೆಲವೇ ತಿಂಗಳಲ್ಲಿ ಆಮಶಂಕೆಯಿಂದ ನರಳಿ ಕುಂಭಕೋಣಕ್ಕೆ ಮರಳಬೇಕಾಯಿತು. ತರಗತಿಗಳು ತಪ್ಪಿದವು. 1907ರಲ್ಲಿ ಖಾಸಗಿ ಅಭ್ಯರ್ಥಿಯಾಗಿ ಎಫ್.ಎ. ಪರೀಕ್ಷೆಗೆ ಕುಳಿತು ಗಣಿತದಲ್ಲಿ ತೇರ್ಗಡೆಯಾಗಿ, ಇಂಗ್ಲಿಷು, ಸಂಸ್ಕೃತ, ಶರೀರಶಾಸ್ತ್ರ ಮುಂತಾದವುಗಳಲ್ಲಿ ಮತ್ತೆ ಬಿದ್ದರು. ಅಲ್ಲಿಗೆ ಅವರ ಕಾಲೇಜು ವಿದ್ಯಾಭ್ಯಾಸ ಮುಗಿಯಿತು. ಫಲಿತಾಂಶದ ಪಟ್ಟಿಯಲ್ಲಿ ಉದಾಸೀನಕ್ಕೂ ಅಸ್ವಸ್ಥತೆಗೂ ಒಂದೇ ಗುರುತು. ಎಷ್ಟು ಪಾಲು ಇದು, ಎಷ್ಟು ಪಾಲು ಅದು ಎಂದು ಆ ಪಟ್ಟಿ ವಿಂಗಡಿಸಿ ಹೇಳಲಾರದು.

ಮುಂದಿನ ಐದಾರು ವರ್ಷಗಳು ಬಡತನದವು. 1909ರಲ್ಲಿ ಜಾನಕಿಯವರೊಡನೆ ವಿವಾಹವಾಯಿತು. 1910ರಲ್ಲಿ ಶಸ್ತ್ರಚಿಕಿತ್ಸೆಯೊಂದು ಅಗತ್ಯವಾದಾಗ ಮನೆಯಲ್ಲಿ ಅದಕ್ಕೆ ಹಣವಿರಲಿಲ್ಲ. ವೈದ್ಯರೊಬ್ಬರು ಪ್ರತಿಫಲವಿಲ್ಲದೆ ನಡೆಸಿಕೊಟ್ಟರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರರಾಯರು ಕೆಲಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟು ಸಲಹಿದರು. 1912ರ ಮಾರ್ಚಿನಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ 30 ರೂಪಾಯಿ ಸಂಬಳದ ಗುಮಾಸ್ತಗಿರಿ ದೊರೆಯಿತು. ಮರುವರ್ಷದ ಜನವರಿಯಲ್ಲಿ ಕೇಂಬ್ರಿಡ್ಜಿನ ಹಾರ್ಡಿಯವರಿಗೆ ಬರೆದ ಕಾಗದ ಜಗತ್ಪ್ರಸಿದ್ಧವಾಗಿದೆ.

ನನ್ನಂಥವರು ಗಮನಿಸಬೇಕಾದ ಸಂಗತಿ ಮಾತ್ರ ಅಷ್ಟು ಪ್ರಸಿದ್ಧವಲ್ಲ. ಅದೇ 1913ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮುಂದೆ ಒಂದು ಪ್ರಶ್ನೆ ಬಂದಿತು. ಸಂಶೋಧನೆಯ ವಿದ್ಯಾರ್ಥಿವೇತನ ಎಂ.ಎ. ಪದವೀಧರರಿಗೆ ಮೀಸಲಾದದ್ದು, ಈ ಗುಮಾಸ್ತರೋ ಎಫ್.ಎ.ಯನ್ನೂ ದಾಟದವರು. ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರ ಪರವಾಗಿ ಬರೆದರು. ಸಿಂಡಿಕೇಟಿನ ಸಭೆಯಲ್ಲಿ ನ್ಯಾಯಮೂರ್ತಿ ಸುಂದರ ಅಯ್ಯರ್ ವಿಶ್ವವಿದ್ಯಾನಿಲಯದ ಕಾಯಿದೆಯ ಪೀಠಿಕೆಯನ್ನೇ ಎತ್ತಿ, ಸಂಶೋಧನೆಯನ್ನು ಬೆಳೆಸುವುದು ಸಂಸ್ಥೆಯ ಉದ್ದೇಶಗಳಲ್ಲೊಂದೆಂದು ನೆನಪಿಸಿದರು. ತಿಂಗಳಿಗೆ 75 ರೂಪಾಯಿಯ ವೇತನ, ಎರಡು ವರ್ಷದ ಅವಧಿಗೆ, ಮಂಜೂರಾಯಿತು. ನಿಯಮವನ್ನು ಮುರಿಯಬೇಕಾಗಲಿಲ್ಲ, ಅದು ಹುಟ್ಟಿದ್ದು ಏತಕ್ಕೆ ಎಂಬುದನ್ನು ಒಬ್ಬರು ಎದ್ದುನಿಂತು ಹೇಳಬೇಕಾಯಿತು, ಅಷ್ಟೆ.

ಕೇಂಬ್ರಿಡ್ಜಿನಲ್ಲಿಯೂ ಹೀಗೆಯೇ ನಡೆಯಿತು. 1914ರ ಏಪ್ರಿಲಿನಲ್ಲಿ ಇಂಗ್ಲೆಂಡನ್ನು ಮುಟ್ಟಿದ ರಾಮಾನುಜನ್ ಅವರನ್ನು ಪ್ರವೇಶಕ್ಕೆ ಬೇಕಾದ ಅರ್ಹತೆಗಳಿಲ್ಲದಿದ್ದರೂ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿಸಿಕೊಂಡರು. 1916ರ ಮಾರ್ಚಿನಲ್ಲಿ, ಪರೀಕ್ಷೆಯ ಕೊಠಡಿಯನ್ನು ಹೊಗದೆ, ಪ್ರಕಟವಾದ ಲೇಖನಗಳ ಆಧಾರದಿಂದಲೇ ಅವರು ಬಿ.ಎ. ಪದವೀಧರರಾದರು. ಹಾರ್ಡಿ ಸ್ವತಃ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ 1898ರಲ್ಲಿ ನಾಲ್ಕನೆಯ ಸ್ಥಾನ ಪಡೆದವರು. ಪಡೆದೂ ಆ ಪರೀಕ್ಷೆಯ ವಿಧಾನವನ್ನು ಮೆಚ್ಚದೆ, ಅದನ್ನು ತಿದ್ದಬೇಕೆಂದು ಹೋರಾಡಿದವರು. ಮುಂದಿರುವ ಮನುಷ್ಯ ಏನನ್ನು ಮಾಡಬಲ್ಲನೆಂಬುದನ್ನು ಅವರು ಮೊದಲು ನೋಡಿದರು. ಅವನು ಯಾವುದರಲ್ಲಿ ಅನುತ್ತೀರ್ಣನೆಂಬ ವಿಚಾರಣೆಗೆ ಹೋಗಲಿಲ್ಲ.

ಆದರೆ ದೇಹದ ವಿಷಯದಲ್ಲಿ ಇಂಥ ಅನುಕೂಲ ರಾಮಾನುಜನ್ ಅವರಿಗೆ ಒದಗಲಿಲ್ಲ. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಶಾಕಾಹಾರಿಗೆ ಒಗ್ಗುವ ಊಟ ದುರ್ಲಭ. 1917ರಲ್ಲಿ ಮಲಗಿದವರು ಅಲ್ಲಿಂದ ಮುಂದೆ ಚಿಕಿತ್ಸಾಲಯದಿಂದ ಚಿಕಿತ್ಸಾಲಯಕ್ಕೆ ಅಲೆದರು. ಜಠರದ ಹುಣ್ಣು ಎಂದರು ಒಬ್ಬರು. ರಕ್ತ ನಂಜಾಗಿದೆ ಎಂದರು ಇನ್ನೊಬ್ಬರು. ಕೊನೆಗೆ ಕ್ಷಯವೆಂಬ ಹೆಸರು ನಿಂತಿತು. ಈ ನಡುವೆಯೇ 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ, ಟ್ರಿನಿಟಿ ಕಾಲೇಜಿನ ಫೆಲೋ ಪದವಿಯೂ ಬಂದವು. 1919ರಲ್ಲಿ ತಾಯ್ನಾಡಿಗೆ ಮರಳಿ, 1920ರ ಜನವರಿಯಲ್ಲಿ ಹಾರ್ಡಿಯವರಿಗೆ ಹೊಸದೊಂದು ಬಗೆಯ ಫಲನಗಳನ್ನು ಕುರಿತು ಬರೆದು, ಅದೇ ಏಪ್ರಿಲ್ 26ರಂದು ಮದರಾಸಿನಲ್ಲಿ ಕಣ್ಣುಮುಚ್ಚಿದರು. ಆಗ ವಯಸ್ಸು 32.

ಅವರ ದೇಹವನ್ನು ಕಾಡಿದ್ದು ಕ್ಷಯವಲ್ಲ, ಯಕೃತ್ತನ್ನು ಹೊಕ್ಕ ಅಮೀಬಾ ಸೋಂಕು ಇರಬೇಕೆಂದು 1994ರಲ್ಲಿ ಯಂಗ್ ಎಂಬವರು ದಾಖಲೆಗಳನ್ನು ಪರಿಶೀಲಿಸಿ ಅಭಿಪ್ರಾಯಪಟ್ಟರು. ಆಮಶಂಕೆಯಿಂದ ಹುಟ್ಟಿ, ವರ್ಷಗಟ್ಟಲೆ ಅಡಗಿದ್ದು, ಮತ್ತೆ ಕೆರಳುವುದು ಈ ರೋಗದ ಸ್ವಭಾವ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಊಹೆ ನಿಜವಾಗಿದ್ದರೆ, ಪಚ್ಚೈಯಪ್ಪ ಕಾಲೇಜಿನಿಂದ ಅವರನ್ನು ಮನೆಗೆ ಕಳುಹಿಸಿದ ಆ ಕಾಯಿಲೆಗೂ ಕೊನೆಯ ಕಾಯಿಲೆಗೂ ನಂಟಿದ್ದಿರಬಹುದು. ಅದರ ಹೆಸರು ತಿಳಿಯಲು ಅವರು ತೀರಿಕೊಂಡ ಮೇಲೆಯೂ 74 ವರ್ಷ ಬೇಕಾಯಿತು. ಅಷ್ಟು ಕಾಲ ಕಾಯಬಲ್ಲ ವಿದ್ಯಾರ್ಥಿ ಯಾರಿದ್ದಾನೆ?

ಈಗ ಕಾಲ ಸ್ವಲ್ಪ ಬದಲಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಿದೆ. ಶೇಕಡಾ 40ರ ಮಿತಿಯನ್ನು ಮುಟ್ಟದ ವೈಕಲ್ಯವುಳ್ಳ ಅಭ್ಯರ್ಥಿಗೂ ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿದೆ. ಆದರೂ ವೈದ್ಯರು ಇನ್ನೂ ಹೆಸರಿಡಲಾರದ ನೋವನ್ನು ಹೊತ್ತು ಬರುವವನ ಅರ್ಜಿ ಮೊದಲು ಮುಟ್ಟುವುದು ನನ್ನಂಥ ಒಬ್ಬ ಅಧ್ಯಾಪಕನ ಮೇಜನ್ನು. ಕಪಟಿಗಳು ಬರಲಾರರೇ ಎಂದು ಕೇಳುವವರಿದ್ದಾರೆ; ನಾನೂ ಅಂದು ಹಾಗೆಯೇ ಯೋಚಿಸಿದ್ದೆ. ಬರಬಹುದು. ಆದರೆ ಬಾಗಿಲ ಬಳಿ ಕುಳಿತವನಿಗೆ ತಿಳಿಯದ ಉತ್ತರ ತಿಳಿದುಬಿಡುವುದಿಲ್ಲ.

ರಾಮಾನುಜನ್ ಅವರಂಥ ಪ್ರತಿಭೆ ಆ ಹುಡುಗನಲ್ಲಿತ್ತೆಂದು ನಾನು ಹೇಳುತ್ತಿಲ್ಲ. ಇದ್ದಿರಲೇಬೇಕೆಂದೂ ಇಲ್ಲ. ಅವನು ಕೇಳಿದ್ದು ಒಂದು ಕುರ್ಚಿ, ಕೆಲವು ನಿಮಿಷ. ಆ ಕುರ್ಚಿಯನ್ನು ಬಾಗಿಲ ಬಳಿ ಹಾಕಿಸಲು ಅವನ ರೋಗದ ಹೆಸರು ನನಗೆ ತಿಳಿಯಬೇಕಾಗಿರಲಿಲ್ಲ.