ಜೇಮ್ಸ್ ಸಿಂಪ್ಸನ್ ಎಂಬ ವೈದ್ಯನ ಚರಿತ್ರೆ

ಕೇಣಿಯಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಎದೆಯಲ್ಲಿ ಗಂಟು ಕಂಡ ಹೆಂಗಸರು ಶಸ್ತ್ರದ ಭಯದಿಂದ ಅದನ್ನು ಮನೆಯವರಿಗೂ ತಿಳಿಸದೆ ಇರುವದನ್ನು ನಾವು ಕಂಡಿದ್ದೇವೆ. ಒಂದು ಕಾಲದಲ್ಲಿ ಆ ಭಯವು ನ್ಯಾಯವಾದದ್ದೇ ಆಗಿತ್ತು.

ಜೇಮ್ಸ್ ಸಿಂಪ್ಸನನು 1811ನೆಯ ಇಸವಿಯ ಜೂನ್ 7ರಲ್ಲಿ ಸ್ಕಾಟ್ಲೆಂಡ್ ದೇಶದ ಬಾತ್‌ಗೇಟ್ ಎಂಬ ಊರಲ್ಲಿ ರೊಟ್ಟಿ ಸುಡುವವನೊಬ್ಬನ ಏಳನೆಯ ಮಗನಾಗಿ ಹುಟ್ಟಿದನು. ಹದಿನಾಲ್ಕು ವರುಷದವನಾದಾಗ ಎಡಿನ್‌ಬರೋ ಪಟ್ಟಣದ ವಿದ್ಯಾಲಯವನ್ನು ಸೇರಿದನು. ಅಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿರುವಾಗ, ಲಿಸ್ಟನನೆಂಬ ಪ್ರಸಿದ್ಧ ಶಸ್ತ್ರವೈದ್ಯನು ಗುಡ್ಡಸೀಮೆಯ ಬಡ ಹೆಂಗಸೊಬ್ಬಳ ಸ್ತನವನ್ನು ಕೊಯ್ದು ತೆಗೆಯುವದನ್ನು ನೋಡಿದನು. ಆಗ ರೋಗಿಯನ್ನು ನಿದ್ರೆಗೊಳಿಸುವ ಔಷಧವಿರಲಿಲ್ಲ. ಬಲವುಳ್ಳವರು ಹಿಡಿದುಕೊಳ್ಳುವರು, ವೈದ್ಯನು ಅವಸರದಿಂದ ಕೊಯ್ಯುವನು. ಅವಳ ಯಾತನೆಯನ್ನು ಸಹಿಸಲಾರದೆ ಸಿಂಪ್ಸನನು ಹೊರಗೆ ಬಂದು, ಇನ್ನು ಈ ವಿದ್ಯೆ ಬೇಡವೆಂದು ನ್ಯಾಯಸ್ಥಾನದಲ್ಲಿ ಗುಮಾಸ್ತೆಯ ಕೆಲಸವನ್ನು ಹುಡುಕುವದಕ್ಕೆ ಹೋದನು. ಆದರೆ ಮನಸ್ಸು ತಿರುಗಿತು. ಆ ನೋವನ್ನು ಇಲ್ಲದಂತೆ ಮಾಡುವ ಉಪಾಯವಿಲ್ಲವೋ ಎಂದು ಕೇಳಿಕೊಳ್ಳುತ್ತಾ ಮರಳಿ ಬಂದನು.

1840ರಲ್ಲಿ ಅದೇ ವಿದ್ಯಾಲಯದಲ್ಲಿ ಪ್ರಸವಶಾಸ್ತ್ರದ ಉಪಾಧ್ಯಾಯನಾದನು. 1846ರಲ್ಲಿ ಅಮೇರಿಕದ ಬೋಸ್ಟನಿನಲ್ಲಿ ಮಾರ್ಟನನೆಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರಿನ ಹಬೆ ಕೊಟ್ಟು ನಿದ್ರೆಗೊಳಿಸಲು, ಅವನ ಕೊರಳಿನ ಗಂಟನ್ನು ತೆಗೆದರೆಂಬ ವರ್ತಮಾನ ಬಂತು. ಸಿಂಪ್ಸನನು ಇನ್ನೂ ಒಳ್ಳೆಯದನ್ನು ಹುಡುಕಿದನು. 1847ರ ನವೆಂಬರ್ 4ರ ರಾತ್ರಿ ತನ್ನ ಮನೆಯ ಮೇಜಿನ ಬಳಿ ಕೀತ್, ಡಂಕನ್ ಎಂಬ ಸ್ನೇಹಿತರೊಡನೆ ಕ್ಲೋರೋಫಾರ್ಮನ್ನು ಮೂಸಿದನು. ಸ್ವಲ್ಪ ಹೊತ್ತಿನಲ್ಲಿ ಮೂವರೂ ನೆಲದ ಮೇಲೆ ಬಿದ್ದಿದ್ದರು. ಇದು ಬುದ್ಧಿವಂತರ ಕೆಲಸವೆಂದು ನಾವು ಹೇಳಲಾರೆವು, ಎಚ್ಚತ್ತದ್ದೇ ಪುಣ್ಯ.

ಹೆರುವವಳ ನೋವನ್ನು ತಗ್ಗಿಸುವದು ದೇವರ ಚಿತ್ತಕ್ಕೆ ವಿರೋಧವೆಂದು ಕೆಲವರು ಆಕ್ಷೇಪಿಸಿದರು. ಆದಾಮನ ಪಕ್ಕೆಲುಬನ್ನು ತೆಗೆಯುವ ಮುಂಚೆ ದೇವರು ಅವನಿಗೆ ಗಾಢನಿದ್ರೆಯನ್ನು ಬರಮಾಡಿದನಲ್ಲಾ ಎಂದು ಸಿಂಪ್ಸನನು ಅವರಿಗೆ ತೋರಿಸಿದನು.

ಕ್ಲೋರೋಫಾರ್ಮ್ ನಿರಪಾಯವಾದದ್ದಲ್ಲ. 1848ರ ಜನವರಿಯಲ್ಲಿಯೇ ಇಂಗ್ಲೆಂಡಿನಲ್ಲಿ ಹದಿನೈದು ವರುಷದ ಹುಡುಗಿಯೊಬ್ಬಳು ಅದನ್ನು ಮೂಸಿ ಸತ್ತಳು. ಈಗ ಅದನ್ನು ಬಿಟ್ಟು ಬೇರೆ ಔಷಧಗಳನ್ನು ಕೊಡುತ್ತಾರೆ. ಅರಿವಳಿಕೆಯ ವೈದ್ಯರು ಕೊನೆಯ ತನಕ ಬಳಿಯಲ್ಲಿದ್ದು ಉಸಿರನ್ನೂ ನಾಡಿಯನ್ನೂ ಕಾಯುತ್ತಾರೆ. ರೋಗಿಯು ನಿದ್ರಿಸುವದರಿಂದ ಶಸ್ತ್ರವೈದ್ಯರಿಗೆ ಅವಸರವಿಲ್ಲ. ಗಂಟಿನ ಅಂಚನ್ನೂ ಕಂಕುಳಿಗೆ ಹಬ್ಬಿದ ಭಾಗವನ್ನೂ ಹುಡುಕಿ ತೆಗೆಯಬಹುದು. 2022ರಲ್ಲಿ ಲೋಕದಲ್ಲಿ ಸುಮಾರು 2 ಕೋಟಿ ಜನರಿಗೆ ಹೊಸದಾಗಿ ಕ್ಯಾನ್ಸರ್ ರೋಗವು ಕಂಡಿತು. ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರೇ ಎಲ್ಲಕ್ಕಿಂತ ಹೆಚ್ಚು. ಗಂಟು ಚಿಕ್ಕದಿರುವಾಗಲೇ ತೋರಿಸಿದವರಿಗೆ ಅನೇಕ ವೇಳೆ ಸ್ತನವನ್ನೆಲ್ಲಾ ತೆಗೆಯಬೇಕಾಗುವದಿಲ್ಲ.

ಸಿಂಪ್ಸನನು ಇದನ್ನೆಲ್ಲಾ ಕಾಣಲಿಲ್ಲ. 1870ರ ಮೇ 6ರಲ್ಲಿ ತೀರಿಹೋದನು. ಲಂಡನಿನಲ್ಲಿ ಹಿಂದೆ ಅರಸರನ್ನು ಹೂಣಿಡುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುತ್ತೇವೆಂದರೂ ಮನೆಯವರು ಒಪ್ಪದೆ, ಎಡಿನ್‌ಬರೋದ ವಾರಿಸ್ಟನ್ ಸ್ಮಶಾನದಲ್ಲಿ ಅವನಿಗಿಂತ ಮುಂಚೆ ತೀರಿದ ಮಕ್ಕಳ ಬಳಿಯಲ್ಲಿ ಹೂಣಿಟ್ಟರು.