ಶಿಸ್ತಿನ ಶಿವಪ್ಪ ನಾಯಕನ ಹನ್ನೆರಡು ವರ್ಷ



ಶ್ರಾವಣ ಮಾಸ ಬಂತೆಂದರೆ ಮಠಕ್ಕೆ ಬಂದು ಸಂಕಲ್ಪ ಮಾಡುವವರು ಹೆಚ್ಚುತ್ತಾರೆ. ನಾಳೆಯಿಂದ ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತೇವೆ, ಮೂರು ಹೊತ್ತು ಇಷ್ಟಲಿಂಗ ಪೂಜೆ ಮಾಡುತ್ತೇವೆ, ಹೊಗೆಸೊಪ್ಪು ಬಿಡುತ್ತೇವೆ, ಕುಡಿತ ಬಿಡುತ್ತೇವೆ, ಸಾಲ ತೀರಿಸುತ್ತೇವೆ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಪ್ರಸಾದ ಸ್ವೀಕರಿಸಿ ಹೋಗುತ್ತಾರೆ. ಅವರ ಭಕ್ತಿಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ದೀಪಾವಳಿಯ ಹೊತ್ತಿಗೆ ಕರಡಿಗೆ ಗೂಟಕ್ಕೇರಿರುತ್ತದೆ, ಎಲೆಅಡಿಕೆ ಸಂಚಿ ಸೊಂಟಕ್ಕೆ ಮರಳಿರುತ್ತದೆ. ಮನೆಯ ಹೆಣ್ಣುಮಕ್ಕಳು ಮತ್ತೊಮ್ಮೆ ನಂಬಿ ಸೋತಿರುತ್ತಾರೆ.

ಇಂಥವರನ್ನು ಕಂಡಾಗಲೆಲ್ಲ ನಮಗೆ ಈ ಸೀಮೆಯವನೇ ಆದ ಕೆಳದಿಯ ಶಿವಪ್ಪ ನಾಯಕನ ನೆನಪಾಗುತ್ತದೆ. ಶಿಸ್ತು ಎಂದರೆ ಇಂದಿನ ಮಕ್ಕಳಿಗೆ ಶಾಲೆಯಲ್ಲಿ ಸಾಲಾಗಿ ನಿಲ್ಲುವುದು. ಮಲೆನಾಡಿನ ಹಳೆಯ ಕಡತಗಳಲ್ಲಿ ಶಿಸ್ತು ಎಂದರೆ ಭೂಮಿಯ ಕಂದಾಯದ ನಿರ್ಣಯ. ಅದನ್ನು ಮಾಡಿದ್ದರಿಂದಲೇ ಅವನು ಜನರ ಬಾಯಲ್ಲಿ ಶಿಸ್ತಿನ ಶಿವಪ್ಪ ನಾಯಕನಾದ.

ಕೆಳದಿಯ ಅರಸರು ವೀರಶೈವ ಧರ್ಮಾವಲಂಬಿಗಳು. ಸಾಗರ ಸೀಮೆಯ ಕೆಳದಿಯಲ್ಲಿ ಮೊದಲಾದ ಅವರ ಆಳ್ವಿಕೆ ಇಕ್ಕೇರಿಗೆ ಬಂದು, ವೀರಭದ್ರ ನಾಯಕನ ಕಾಲಕ್ಕೆ ಹೊಸನಗರ ಸೀಮೆಯ ಬಿದನೂರಿನಲ್ಲಿ ನೆಲೆಗೊಂಡಿತು. ಅದೇ ಇಂದಿನ ನಗರ. ತೀರ್ಥಹಳ್ಳಿ ಸೀಮೆಯ ಕವಲೇದುರ್ಗ ಅವರ ಬಲವಾದ ಕೋಟೆ. ವೀರಭದ್ರ ನಾಯಕನ ನಂತರ 1645ರಲ್ಲಿ ಶಿವಪ್ಪ ನಾಯಕನಿಗೆ ಪಟ್ಟವಾಯಿತು. ಅವನು ಬಿದನೂರನ್ನು ಭದ್ರಪಡಿಸಿದ, ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆಗಳನ್ನು ಹಿಡಿದ, ರಾಜ್ಯ ಕಳೆದುಕೊಂಡ ವಿಜಯನಗರದ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟ. ಈ ಯುದ್ಧಗಳ ಕಥೆ ಶಾಲೆಯ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ನಮಗೆ ಈ ಹೊತ್ತು ಬೇಕಾದುದು ಗದ್ದೆಯ ಕಥೆ.

ರೈತ ಎಷ್ಟು ಕಂದಾಯ ಕೊಟ್ಟರೆ ನ್ಯಾಯ ಎಂಬ ಪ್ರಶ್ನೆ ಎಲ್ಲ ಅರಸರಿಗೂ ಬಂದದ್ದೇ. ಸಿಂಹಾಸನದ ಮೇಲೆ ಕುಳಿತು ಒಂದು ಆಜ್ಞೆ ಹೊರಡಿಸಿದ್ದರೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ಶಿವಪ್ಪ ನಾಯಕ ಹಾಗೆ ಮಾಡಲಿಲ್ಲ. ಭೂಮಿಯನ್ನು ಗುಣಕ್ಕೆ ತಕ್ಕಂತೆ ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿದ. ಹಳ್ಳಿಹಳ್ಳಿಯಲ್ಲಿ ಒಂದೊಂದು ತರಗತಿಗೆ ಒಂದೊಂದೇ ಗದ್ದೆಯನ್ನು ಆರಿಸಿ, ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿದ. ಬಿತ್ತಿದ ಬೀಜವೆಷ್ಟು, ಆಳಿನ ಕೂಲಿಯೆಷ್ಟು, ಕಣಕ್ಕೆ ಬಂದ ಭತ್ತವೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಯಿಸಿದ. ಹೀಗೆ ಒಂದಲ್ಲ, ಎರಡಲ್ಲ, ಹನ್ನೆರಡು ವರ್ಷ. ಆ ಹನ್ನೆರಡು ವರ್ಷಗಳ ಸರಾಸರಿ ತೆಗೆದು ಉತ್ಪನ್ನದ ಮೂರರಲ್ಲಿ ಒಂದು ಪಾಲು ಅರಮನೆಗೆ ಎಂದು ನಿಗದಿ ಮಾಡಿದ. ತೋಟಗಳನ್ನು ಅಳೆಯುವ ಕೋಲಿಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲುಮೆಟ್ಟಿಲಿನ ಉದ್ದವನ್ನೇ ಪ್ರಮಾಣ ಮಾಡಿದರು. ಈಗಿನ ಲೆಕ್ಕದಲ್ಲಿ ಅದು 18 ಅಡಿ 6 ಅಂಗುಲ. ಅಧಿಕಾರಿ ಬದಲಾದರೂ ಅಳತೆ ಬದಲಾಗುವಂತಿಲ್ಲ.

ಹನ್ನೆರಡು ವರ್ಷ ಏಕೆ ಬೇಕಾಯಿತು ಎಂಬುದನ್ನು ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಮಲೆನಾಡಿನಲ್ಲಿ ಒಂದು ವರ್ಷ ಆರಿದ್ರೆ ಮಳೆ ಸಸಿಯನ್ನು ಕೊಚ್ಚಿಕೊಂಡು ಹೋಗುತ್ತದೆ, ಇನ್ನೊಂದು ವರ್ಷ ತೆನೆ ಹಾಲು ತುಂಬುವಾಗ ಮಳೆ ಕೈಕೊಡುತ್ತದೆ. ಒಂದು ಒಳ್ಳೆಯ ವರ್ಷವನ್ನು ನಂಬಿ ಕಂದಾಯ ಕಟ್ಟಿದರೆ ಕೆಟ್ಟ ವರ್ಷದಲ್ಲಿ ರೈತ ಎತ್ತು ಮಾರಬೇಕು. ಸಂಕಲ್ಪ ಮಾಡುವ ಭಕ್ತನೂ ಶ್ರಾವಣ ಸೋಮವಾರದ ತನ್ನ ಉತ್ಸಾಹವನ್ನು ಅಳತೆಗೋಲು ಮಾಡಿಕೊಂಡಿರುತ್ತಾನೆ. ಮದುವೆಮನೆ, ಜ್ವರ, ಕೊಯ್ಲಿನ ಗಡಿಬಿಡಿ, ಅಡಿಕೆ ಧಾರಣೆ ಕುಸಿದ ವಾರ, ಇವು ಅವನ ಲೆಕ್ಕದಲ್ಲಿ ಇರುವುದಿಲ್ಲ. ನಮ್ಮ ಷಟ್‌ಸ್ಥಲ ಸಿದ್ಧಾಂತದಲ್ಲೂ ಭಕ್ತಸ್ಥಲದಲ್ಲಿ ನಿಂತವನು ಒಂದೇ ನೆಗೆತಕ್ಕೆ ಐಕ್ಯಸ್ಥಲ ಮುಟ್ಟುವುದಿಲ್ಲ. ನಡುವೆ ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ನಾಲ್ಕು ಸ್ಥಲಗಳುಂಟು.

ಮೂರು ಶ್ರಾವಣ ಸೋತು ನಾಲ್ಕನೆಯದರಲ್ಲಿ ಬಂದ ಒಬ್ಬ ಅಡಿಕೆ ಬೆಳೆಗಾರರಿಗೆ ನಾವು ಹೊಗೆಸೊಪ್ಪು ಬಿಡಿ ಎನ್ನಲಿಲ್ಲ. ಕೊನೆಕೊಯ್ಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಕ್ಕೆಷ್ಟು ಕವಳ ಎಂದು ಬರೆಯುತ್ತ ಬನ್ನಿ ಎಂದೆವು, ಅಷ್ಟೇ. ಹದಿನೈದು ದಿನಕ್ಕೆ ಪುಸ್ತಕ ತಂದರು. ಹತ್ತು ಎಂದುಕೊಂಡದ್ದು ಇಪ್ಪತ್ತನ್ನು ಮೀರಿತ್ತು. ಊಟದ ಮೇಲಿನ ಕವಳ ಅವರಿಗೆ ಪ್ರಾಣ, ತೋಟದ ದಾರಿಯದು ಬರೀ ಚಾಳಿ. ಮೊದಲು ಅದನ್ನು ಬಿಟ್ಟರು. ಬಾಯಿ ಪೂರ್ತಿ ತೆರೆಯಲಾಗದಂತಾಗಿತ್ತು, ವೈದ್ಯರಿಗೂ ತೋರಿಸಿದರು. ಮುಂದಿನ ಶ್ರಾವಣಕ್ಕೆ ಸಂಚಿಯಲ್ಲಿ ಹೊಗೆಸೊಪ್ಪು ಇರಲಿಲ್ಲ. ಅಡಿಕೆಯನ್ನೂ ಬಿಡಬೇಕೆಂದು ವೈದ್ಯರು ಹೇಳಿದ್ದಾರೆ. ಅಡಿಕೆ ಬೆಳೆಯುವವನಿಗೆ ಅದು ಸುಲಭದ ಮಾತಲ್ಲ, ಆದರೂ ಪುಸ್ತಕದ ಹಾಳೆ ತಿರುವಿದ್ದಾರೆ. ವರ್ಷಗಟ್ಟಲೆ ಕುಡಿದವರಿಗೆ ಮಾತ್ರ ಒಂದು ಮಾತು: ವೈದ್ಯರನ್ನು ಕಾಣದೆ ಏಕಾಏಕಿ ನಿಲ್ಲಿಸಬೇಡಿ. ನಡುಕ, ಸನ್ನಿ ಬಂದು ಜೀವಕ್ಕೇ ಅಪಾಯವಾದೀತು.

ಶಿವಪ್ಪ ನಾಯಕನ ಸ್ವಭಾವ ಗದ್ದೆಗೆ ಮಾತ್ರ ಸೀಮಿತವಾಗಿರಲಿಲ್ಲ. ಶೃಂಗೇರಿ ಮಠಕ್ಕೆ ವರ್ಷದ ಒಂದೊಂದು ದಿನಕ್ಕೂ ಆಗುವ ಖರ್ಚನ್ನು ವಿವರವಾಗಿ ಗೊತ್ತುಮಾಡಿಕೊಟ್ಟನೆಂದು ಮೈಸೂರು ಗೆಜೆಟಿಯರಿನಲ್ಲಿದೆ. ತಾನು ವೀರಶೈವನಾಗಿ ಬೇರೆ ಸಂಪ್ರದಾಯದ ಮಠದ ನಿತ್ಯಕ್ರಮವನ್ನು ಅಷ್ಟು ಶ್ರದ್ಧೆಯಿಂದ ಯೋಚಿಸಿದನಲ್ಲ, ಅದು ದೊಡ್ಡಗುಣ. ವರ್ಷಕ್ಕೊಂದು ದೊಡ್ಡ ದಾನ ಕೊಟ್ಟು ಹೆಸರು ಪಡೆಯುವುದು ಅವನಿಗೆ ಸುಲಭವಿತ್ತು.

1660ರಲ್ಲಿ ಶಿಸ್ತು ಸ್ಥಿರವಾಯಿತು. ಅದೇ ವರ್ಷ ಶಿವಪ್ಪ ನಾಯಕ ಲಿಂಗೈಕ್ಯನಾದ. ಹನ್ನೆರಡು ವರ್ಷ ಕಾದು ಕಟ್ಟಿದ್ದರ ಫಲವನ್ನು ಅವನು ಕಂಡದ್ದು ಅಷ್ಟಕ್ಕಷ್ಟೆ. ಮುಂದಿನ ಅರಸರ ಕಾಲದಲ್ಲಿ ಅದರ ಮೇಲೆ ಪಗಡಿ, ಪಟ್ಟಿ ಎಂಬ ಹೆಚ್ಚುವರಿ ತೆರಿಗೆಗಳು ಕೂಡಿದವು. ಅವು ಕೂಡಿದ್ದೂ ಒಮ್ಮೆಗೇ ಅಲ್ಲ, ಒಂದೊಂದಾಗಿ, ರೈತನಿಗೆ ಭಾರ ತಿಳಿಯುವಷ್ಟರಲ್ಲಿ ಹೆಗಲೇರಿ ಕುಳಿತವು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಸಂಸ್ಥಾನ ಹೋದ ಮೇಲೂ ಮಲೆನಾಡಿನ ಕಂದಾಯದ ಲೆಕ್ಕಗಳಲ್ಲಿ ಹೊಸ ಪಟ್ಟಿಗಳಿಂದ ಬೇರೆಯಾಗಿ, ಶಿಸ್ತು ಎಂಬ ಬಾಬತ್ತು ಉಳಿದೇ ಇತ್ತು.